ಕೆಂಪು ಸ್ಟಿಕ್ಕರ್ ಮಹಾತ್ಮೆ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಪಿಪಿಸಿ, ಅಂದರೆ ಪ್ರೊಡಕ್ಷನ್ ಪ್ಲಾನಿಂಗ್ ಮತ್ತು ಕಂಟ್ರೋಲ್. ಯಾವ ಜಾಬ್, ಅಂದರೆ ಗಿರಾಕಿಯ ಯಾವ ಆರ್ಡರ್, ಯಾವ ಮೆಷಿನ್ ಮೇಲೆ ಯಾವಾಗ ಏರಬೇಕು ಅಂತ ತೀರ್ಮಾನ ಮಾಡುವವನು. ಇದು ವಿಸಿಟಿಂಗ್ ಕಾರ್ಡಿನ ಮಾತು. ನಿಜವಾದ ಕೆಲಸ ಬೈಸಿಕೊಳ್ಳುವುದು.

ಮೊದಲೆಲ್ಲ ಅರ್ಜೆಂಟ್ ಜಾಬಿನ ಜೊತೆ ಮೆಷಿನ್ನಿಂದ ಮೆಷಿನ್ನಿಗೆ ಹೋಗುವ ರೂಟ್ ಕಾರ್ಡಿಗೆ ಮಾತ್ರ ಒಂದು ಕೆಂಪು ಸ್ಟಿಕ್ಕರ್ ಅಂಟಿಸುತ್ತಿದ್ದೆವು. ವಾರಕ್ಕೆ ಒಂದೋ ಎರಡೋ. ಕೆಂಪು ಕಂಡರೆ ಆಪರೇಟರ್ ಟೀ ಲೋಟ ಕೆಳಗಿಟ್ಟು ಏಳುತ್ತಿದ್ದ. ಆಮೇಲೆ ಸ್ಟಿಕ್ಕರ್ ರೋಲ್ ಯಾವ ಡ್ರಾಯರ್‌ನಲ್ಲಿದೆ ಅಂತ ಮಾರ್ಕೆಟಿಂಗ್‌ನವರಿಗೆ ಗೊತ್ತಾಯಿತು. ಕಳೆದ ಮಂತ್ ಎಂಡಿನಲ್ಲಿ ಎಣಿಸಿದೆ. 46 ಜಾಬಿನಲ್ಲಿ 41 ಕೆಂಪು. ಉಳಿದ ಐದಕ್ಕೂ ಅಂಟಿಸುತ್ತಿದ್ದರೇನೋ, ರೋಲ್ ಖಾಲಿಯಾಗಿತ್ತು.

ಮೀಟಿಂಗ್ ಆಯಿತು. ಬಿಸ್ಕತ್ತು ಬಂತು. ನಿಜವಾದ ಅರ್ಜೆಂಟಿಗೆ ಎರಡು ಸ್ಟಿಕ್ಕರ್ ಅಂತ ತೀರ್ಮಾನವಾಯಿತು. ಹದಿನೈದೇ ದಿನಕ್ಕೆ ಎಲ್ಲದಕ್ಕೂ ಎರಡು. ಈಗ ಅದರ ಮೇಲೆ 'ಎಂಡಿ ಅರ್ಜೆಂಟ್' ಅಂತ ಬೇರೆ ಬರೆಯುತ್ತಾರೆ. ಕಾರ್ಡುಗಳು ಕುಂಕುಮಾರ್ಚನೆ ಮುಗಿಸಿಕೊಂಡು ಬಂದ ಹಾಗಿವೆ. ಪಾರ್ಟ್ ನಂಬರ್ ಓದಬೇಕಾದರೆ ಉಗುರಿನಿಂದ ಕೆರೆಯಬೇಕು. ವಿಐಪಿ ದರ್ಶನದ ಸಾಲು ಧರ್ಮದರ್ಶನದ ಸಾಲಿಗಿಂತ ಉದ್ದವಾದರೆ ಹೇಗೋ, ಹಾಗೆ.

ಸಾಫ್ಟ್‌ವೇರ್ ತರಿಸಿದರೆ ಸರಿಹೋಗುತ್ತೆ ಅಂದರು. ತರಿಸಿದೆವು. ಆದ್ಯತೆಗೆ 1ರಿಂದ 9ರವರೆಗೆ ನಂಬರ್ ಕೊಡಬೇಕು. ಎಲ್ಲರೂ 1 ಕೊಟ್ಟರು. ಒಂದು ವಾರದಲ್ಲಿ ಯಾರೋ ಪುಣ್ಯಾತ್ಮರು ಅದು 0 ಕೂಡ ತಗೊಳ್ಳುತ್ತೆ ಅಂತ ಕಂಡುಹಿಡಿದರು. ಮೈನಸ್ ಹಾಕಬಹುದಾ ಅಂತ ಮೊನ್ನೆ ಮಾರ್ಕೆಟಿಂಗ್‌ನಿಂದ ಫೋನ್ ಬಂದಿತ್ತು.

ಇದಕ್ಕೆ ಶಾಸ್ತ್ರ ಇಲ್ಲ ಅಂತಲ್ಲ. ಒಂದೇ ಮೆಷಿನ್ ಇದ್ದಾಗ, ಯಾರಿಗೂ ವಿಪರೀತ ತಡವಾಗಬಾರದು ಅಂದರೆ ಕೊಡುವ ತಾರೀಖು ಹತ್ತಿರ ಇರುವುದನ್ನು ಮೊದಲು ಮಾಡಿ ಅಂತ 1955ರಲ್ಲೇ ಜಾಕ್ಸನ್ ಎಂಬಾತ ಹೇಳಿದ. ಸರಾಸರಿ ಕಾಯುವ ಹೊತ್ತು ಕಡಿಮೆಯಾಗಬೇಕಾ, ಚಿಕ್ಕ ಜಾಬ್ ಮೊದಲು ಮಾಡಿ ಅಂತ 1956ರಲ್ಲಿ ಸ್ಮಿತ್ ತೋರಿಸಿದ. ಬೇಕಿದ್ದರೆ ಲೆಕ್ಕ ಹಾಕಿ. ಒಂದು ಗಂಟೆ, ಎರಡು ಗಂಟೆ, ಐದು ಗಂಟೆಯ ಮೂರು ಜಾಬ್ ಇವೆ. ಚಿಕ್ಕದರಿಂದ ಶುರು ಮಾಡಿದರೆ 1, 3, 8ನೇ ಗಂಟೆಗೆ ಮುಗಿಯುತ್ತವೆ, ಸರಾಸರಿ 4. ದೊಡ್ಡದರಿಂದ ಶುರು ಮಾಡಿದರೆ 5, 7, 8. ಸರಾಸರಿ 6 ಗಂಟೆ 40 ನಿಮಿಷ. ಅದೇ ಮೆಷಿನ್, ಅದೇ ಎಂಟು ಗಂಟೆ. ದೊಡ್ಡ ಗಿರಾಕಿಗೆ ಜಾಸ್ತಿ ತೂಕ ಕೊಡುವ ದಾರಿಯನ್ನೂ ಸ್ಮಿತ್ ಹೇಳಿದ್ದಾನೆ. ಪಾಪ, ಎಲ್ಲ ಗಿರಾಕಿಯೂ ದೊಡ್ಡವನೇ ಆದರೆ ಏನು ಮಾಡಬೇಕು ಅಂತ ಅವನನ್ನು ಯಾರೂ ಕೇಳಿರಲಿಲ್ಲ.

ನಮ್ಮಲ್ಲಿರುವ ನಿಯಮ ಒಂದೇ: ಕೊನೆಯ ಫೋನ್ ಯಾರದೋ, ಅವರ ಜಾಬ್ ಮೊದಲು.

ಹೋದ ಮಂಗಳವಾರದ ಕತೆ ಕೇಳಿ. ಬೆಳಿಗ್ಗೆ ಲೋಹ ಕೊರೆಯುವ ವಿಎಂಸಿ ಮೆಷಿನ್ ಮೇಲೆ 60 ಪೀಸಿನ ಒಂದು ಜಾಬ್ ಏರಿಸಿದೆವು. ಸೆಟ್ಟಿಂಗ್‌ಗೇ ಎರಡು ಗಂಟೆ. ವೈಸ್ ಕಳಚು, ಫಿಕ್ಸ್‌ಚರ್ ಕೂರಿಸು, ಡಯಲ್ ಹಿಡಿದು ಸಮ ನೋಡು, ಆಫ್‌ಸೆಟ್ ಹಾಕು, ಫಸ್ಟ್ ಪೀಸ್ ಹೊಡೆದು ಕ್ವಾಲಿಟಿಯವರ ಸಹಿಗೆ ಕಾದು ಕೂರು. ಒಂಬತ್ತನೇ ಪೀಸಿಗೆ ಫೋನ್ ಬಂತು. ಇಳಿಸಿ, ಬೇರೆಯದು ಏರಿಸಿದೆವು. ಮತ್ತೆ ಎರಡು ಗಂಟೆ. ಅದರ ನಾಲ್ಕನೇ ಪೀಸಿಗೆ ಇನ್ನೊಂದು ಫೋನ್: ಬೆಳಿಗ್ಗೆಯದು ಎಲ್ಲಿ? ಮತ್ತೆ ಅದನ್ನೇ ಏರಿಸಿದೆವು. ಎಂಟು ಗಂಟೆಯ ಶಿಫ್ಟಿನಲ್ಲಿ ಆರು ಗಂಟೆ ಸೆಟ್ಟಿಂಗ್. ಊಟ, ಟೀ ಕಳೆದರೆ ಲೋಹದ ಚಿಪ್ಸ್ ಹಾರಿದ್ದು, ಅಂದರೆ ನಿಜವಾಗಿ ಕೆಲಸ ಆಗಿದ್ದು, ಒಂದು ಗಂಟೆ ಚಿಲ್ಲರೆ.

"ಸಾರ್, ಇಳಿಸಿದ್ದೂ ಅರ್ಜೆಂಟು, ಏರಿಸಿದ್ದೂ ಅರ್ಜೆಂಟು. ಹಾಗಾದ್ರೆ ಇಳಿಸಿದ್ದು ಯಾಕೆ?" ಅಂದ ಆಪರೇಟರ್. ಇಂಥ ಪ್ರಶ್ನೆ ಕೇಳುವುದಕ್ಕೇ ಅವನಿಗೆ ಪ್ರಮೋಷನ್ ಆಗಿಲ್ಲ.

ನಮ್ಮ ಗೇಟಿನ ಎದುರು ಒಂದು ದರ್ಶಿನಿ ಇದೆ. ಅಲ್ಲಿ ಕಾವಲಿ ಮುಂದೆ ನಿಂತ ಭಟ್ಟರನ್ನು ನೋಡಿ. ನೀರು ಚಿಮುಕಿಸಿ, ಪೊರಕೆಯಿಂದ ಸರ್ರನೆ ಗುಡಿಸಿ, ಹನ್ನೆರಡು ಮಸಾಲೆ ಒಟ್ಟಿಗೆ ಹುಯ್ಯುತ್ತಾರೆ. "ಭಟ್ರೇ, ಒಂದು ಸೆಟ್ ದೋಸೆ ಅರ್ಜೆಂಟ್" ಅಂತ ಕೌಂಟರಿನಿಂದ ಎಷ್ಟೇ ಕೂಗಲಿ, ತಿರುಗಿ ಸಹ ನೋಡುವುದಿಲ್ಲ. ಅರ್ಧ ಬೆಂದ ಮಸಾಲೆ ಎತ್ತಿಟ್ಟು ಸೆಟ್ ದೋಸೆ ಹುಯ್ದಿದ್ದನ್ನು ಯಾರಾದರೂ ಕಂಡಿದ್ದೀರಾ? ನಮ್ಮ ಎಂಡಿ ಅಲ್ಲೇ ದಿನಾ ತಿಂಡಿ ತಿನ್ನುತ್ತಾರೆ. ಸುಮ್ನೆ ಟೋಕನ್ ಹಿಡಿದು ನಿಂತಿರುತ್ತಾರೆ. ಕೈ ಒರೆಸಿಕೊಂಡು ರಸ್ತೆ ದಾಟಿ ಬಂದವರೇ ನನಗೆ ಫೋನ್ ಮಾಡುತ್ತಾರೆ.

ಮಂಗಳವಾರದ ಆ ಜಾಬ್ ಕೊನೆಗೆ ಮುಗಿಯಿತು. ಹುಡುಗರು ಎರಡು ರಾತ್ರಿ ಓಟಿ ಮಾಡಿದರು. ದಿನಾ ಹೋಗುವ ಗಾಡಿಗೆ ಕಾಯದೆ, ಸ್ಪೆಷಲ್ ಟೆಂಪೋ ಮಾಡಿ ರಾತ್ರಿ ಹನ್ನೊಂದಕ್ಕೆ ಹೊಸೂರಿಗೆ ಕಳಿಸಿದೆವು. ನಿನ್ನೆ ಬೇರೆ ಕೆಲಸಕ್ಕೆ ಆ ಗಿರಾಕಿಯ ಸ್ಟೋರ್ಸಿಗೆ ಹೋಗಿದ್ದೆ. ನಮ್ಮ ಪೆಟ್ಟಿಗೆ ಬಾಗಿಲ ಪಕ್ಕದಲ್ಲೇ ಇತ್ತು. ಸೀಲ್ ಒಡೆದಿರಲಿಲ್ಲ, ಎರಡೂ ಕೆಂಪು ಸ್ಟಿಕ್ಕರ್ ಹಾಗೇ ಇದ್ದವು. ಮೇಲೆ ವಾಚ್‌ಮನ್ನಿನ ಊಟದ ಕ್ಯಾರಿಯರ್. ಇದನ್ನು ಯಾವಾಗ ತೆಗೆಯುತ್ತೀರಿ ಅಂತ ಕೇಳಿದೆ.

"ಅರ್ಜೆಂಟೇನಿಲ್ಲ ಸಾರ್" ಅಂದರು.