ಅಜ್ಜಂದಿರ ಟ್ಯಾಂಗೋ, ಮೊಮ್ಮಕ್ಕಳ ರೆಕಾರ್ಡು

ಬೇರೆ ಸಂಗೀತದಲ್ಲಿ ಹೊಸದು ಬಂತೆಂದರೆ ಹಳೆಯದು ಸ್ವಲ್ಪ ಸರಿದು ಜಾಗ ಬಿಡುತ್ತದೆ. ಅರ್ಜೆಂಟೀನಾ ಕಡೆಯ ಜೋಡಿಕುಣಿತದ ಸಂಗೀತ ಟ್ಯಾಂಗೋದಲ್ಲಿ ಹಾಗಲ್ಲ. ಅಜ್ಜಂದಿರು ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಬರ್ಲಿನ್ ಇರಲಿ, ಇಸ್ತಾಂಬುಲ್ ಇರಲಿ, ಟ್ಯಾಂಗೋ ಕುಣಿಯುವವರ ಕೂಟಕ್ಕೆ, ಅಂದರೆ ಮಿಲೋಂಗಾಕ್ಕೆ ಹೋಗಿ ನೋಡಿ. ರಾತ್ರಿಯಿಡೀ ಕೇಳಿಸುವುದು ಬಹುಪಾಲು 1935ರಿಂದ 1955ರ ನಡುವೆ ಬ್ಯೂನಸ್ ಐರಿಸ್‌ನಲ್ಲಿ ರೆಕಾರ್ಡ್ ಆದದ್ದೇ. ಡಾರಿಯೆಂಜೊ, ಡಿ ಸಾರ್ಲಿ, ತ್ರೊಯ್ಲೊ, ಪುಗ್ಲಿಯೇಸೆ, ಎಲ್ಲ ಆ ಕಾಲದ ವಾದ್ಯಗೋಷ್ಠಿಗಳ ನಾಯಕರು. ನಾಲ್ವರೂ ತೀರಿಕೊಂಡು ಎಷ್ಟೋ ಕಾಲವಾಯಿತು. ಆದರೆ ಇವತ್ತು ರಾತ್ರಿಯೂ ಎಲ್ಲೋ ಒಂದು ಕಡೆ ಜನರನ್ನು ಕುಣಿಸುತ್ತಿರುತ್ತಾರೆ.

ಇಂಥವರ ಎದುರು ಹೊಸ ಟ್ಯಾಂಗೋ ರೆಕಾರ್ಡು ತರುವುದಕ್ಕೆ ಗುಂಡಿಗೆ ಬೇಕು, ಅಲ್ವಾ? ತರುವವರೇನೂ ಕಡಿಮೆಯಿಲ್ಲ. ನನಗೆ ಈ ಹೊಸಬರ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಹಳೆಯದರ ಪಕ್ಕ ಹೊಸ ರೆಕಾರ್ಡು ಇಟ್ಟು ಕೇಳಿದರೆ ಮೊದಲು ಗಮನಕ್ಕೆ ಬರುವುದು ಗಾಳಿ. ಟ್ಯಾಂಗೋದ ಜೀವ ಬ್ಯಾಂಡೋನಿಯನ್. ತೊಡೆಯ ಮೇಲಿಟ್ಟು ಹಿಗ್ಗಿಸಿ ಕುಗ್ಗಿಸಿ ನುಡಿಸುವ ಪೆಟ್ಟಿಗೆ. ಹಾರ್ಮೋನಿಯಂನಲ್ಲಿ ಒಂದು ಮನೆಗೆ ಒಂದೇ ಸ್ವರ. ಇದರಲ್ಲಿ ಹಿಗ್ಗಿಸುವಾಗ ಒಂದು, ಕುಗ್ಗಿಸುವಾಗ ಇನ್ನೊಂದು, ಗುಂಡಿ ಮಾತ್ರ ಅದೇ. ಇಂಥ ಗುಂಡಿಗಳು ಬಲಗೈಗೆ 38, ಎಡಗೈಗೆ 33. ಕಲಿಯುವವರ ಪಾಡು ದೇವರಿಗೇ ಪ್ರೀತಿ. ಹಳೆಯ 78 ಆರ್‌ಪಿಎಂ ಗ್ರಾಮೊಫೋನ್ ತಟ್ಟೆಯಲ್ಲಿ ಈ ಪೆಟ್ಟಿಗೆಯ ದನಿ ಚರಚರ ಸದ್ದಿನ ಹಿಂದೆ ನಿಂತಂತೆ ಕೇಳಿಸುತ್ತದೆ. ಹೊಸ ರೆಕಾರ್ಡಿನಲ್ಲಿ ಅದು ಉಸಿರೆಳೆದುಕೊಳ್ಳುವುದು ಕೇಳುತ್ತದೆ, ಗುಂಡಿಗಳ ಟಕಟಕ ಕೇಳುತ್ತದೆ. ವಯೊಲಿನ್‌ನವರು ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಆಚೆ ಬದಿ ಕಮಾನು ಉಜ್ಜಿ ಜೀರುಂಡೆಯ ಹಾಗೆ ಕರಕರ ಎನ್ನಿಸುತ್ತಾರೆ. ಟ್ಯಾಂಗೋ ವಾದ್ಯಗೋಷ್ಠಿಯಲ್ಲಿ ಸಾಮಾನ್ಯವಾಗಿ ಡ್ರಮ್ ಇರುವುದಿಲ್ಲ. ತಾಳವನ್ನೂ ಇಂಥ ಕಿತಾಪತಿಗಳಿಂದಲೇ ಹುಟ್ಟಿಸಬೇಕು.

ತಮಾಷೆ ಏನೆಂದರೆ, ಹೊಸ ರೆಕಾರ್ಡಿನಲ್ಲೂ ಪೆಟ್ಟಿಗೆ ಹೆಚ್ಚಾಗಿ ಹಳೆಯದೇ. ಬ್ಯಾಂಡೋನಿಯನ್ ಹುಟ್ಟಿದ್ದು ಜರ್ಮನಿಯಲ್ಲಿ. ವಾದಕರು ಇವತ್ತಿಗೂ ಹುಡುಕುವುದು ಕಾರ್ಲ್ಸ್‌ಫೆಲ್ಡ್ ಎಂಬ ಊರಿನಲ್ಲಿ ಆಲ್ಫ್ರೆಡ್ ಆರ್ನಾಲ್ಡ್ ಕಾರ್ಖಾನೆ ಎರಡನೇ ಮಹಾಯುದ್ಧಕ್ಕೆ ಮುಂಚೆ ಮಾಡಿದ್ದನ್ನು. ಮೈಕು, ಕಂಪ್ಯೂಟರು ಎಲ್ಲ ಈ ವರ್ಷದ್ದು. ಹಾಡುವ ಪೆಟ್ಟಿಗೆಗೆ ಮಾತ್ರ ನುಡಿಸುವವನಿಗಿಂತ ಮೂರು ಪಟ್ಟು ವಯಸ್ಸು.

ನಡುವೆ ಒಂದು ದೊಡ್ಡ ಕಂದಕ ಬಿದ್ದಿತ್ತು. ಐವತ್ತರ ದಶಕದ ಕೊನೆಗೆ ರಾಕ್ ಬಂತು, ದೊಡ್ಡ ವಾದ್ಯಗೋಷ್ಠಿಗಳನ್ನು ಸಾಕುವುದು ಕಷ್ಟವಾಯಿತು. ಅತ್ತ ಬ್ಯಾಂಡೋನಿಯನ್ ವಾದಕ ಆಸ್ಟರ್ ಪಿಯಾಜೊಲ್ಲಾ ಟ್ಯಾಂಗೋವನ್ನು ಕುಣಿಯುವವರಿಂದ ಬಿಡಿಸಿ ಕೂತು ಕೇಳುವವರಿಗೆ ಕೊಟ್ಟ. ಎಷ್ಟೋ ಪಟ್ಟುಗಳು ಬರೆದಿಟ್ಟವಲ್ಲ, ಪಕ್ಕದಲ್ಲಿ ಕೂತು ಕೇಳಿ ಕಲಿಯಬೇಕಾದವು. ಕಲಿಸುವ ಮುದುಕರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದರು. 2000ದಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಡುಗರಿಗಾಗಿ ಒಂದು ಶಾಲಾ ವಾದ್ಯಗೋಷ್ಠಿ ಶುರುವಾದಾಗ ಅದನ್ನು ನಡೆಸಿದವರು ಎಮಿಲಿಯೊ ಬಾಲ್ಕಾರ್ಸೆ. ಪುಗ್ಲಿಯೇಸೆಯ ಜೊತೆ ವರ್ಷಗಟ್ಟಲೆ ವಯೊಲಿನ್ ನುಡಿಸಿದವರು. ಆಗ ಅವರಿಗೆ ಎಂಬತ್ತು ದಾಟಿತ್ತು. ಸ್ವಲ್ಪ ತಡವಾಗಿದ್ದರೂ ಕಥೆ ಮುಗಿಯುತ್ತಿತ್ತು.

ಅದೇ ಹೊತ್ತಿಗೆ ಎದ್ದು ನಿಂತದ್ದು ಫೆರ್ನಾಂಡೆಸ್ ಫಿಯೆರ್ರೊ ಎಂಬ ತಂಡ. ಇವರ ಟ್ಯಾಂಗೋದಲ್ಲಿ ನಾಜೂಕು ಅನ್ನುವುದೇ ಇಲ್ಲ. ಬ್ಯಾಂಡೋನಿಯನ್‌ನವರು ಸಾಲಾಗಿ ಕೂತು ಸಿಟ್ಟು ತೀರಿಸಿಕೊಳ್ಳುವಂತೆ ನುಡಿಸುತ್ತಾರೆ. ದೇಶದ ಹಣಕಾಸು ನೆಲಕಚ್ಚಿದ ಕಾಲದಲ್ಲಿ ಹುಟ್ಟಿದ ಸಂಗೀತ. ಸಿಟ್ಟು ಬರದೆ ಇನ್ನೇನು! ಪ್ಯಾರಿಸ್ಸಿನ ಗೋತಾನ್ ಪ್ರಾಜೆಕ್ಟ್ ತಂಡ 2001ರಲ್ಲಿ ಟ್ಯಾಂಗೋಕ್ಕೆ ಎಲೆಕ್ಟ್ರಾನಿಕ್ ತಾಳ ಕಟ್ಟಿ ಜಗತ್ತಿಗೆಲ್ಲ ಕೇಳಿಸಿತು. ಆಮೇಲೆ ಹೋಟೆಲ್ ಲಾಬಿಗಳೆಲ್ಲ ಅದನ್ನೇ ಹಾಕಿ ಹಾಕಿ ನನಗಂತೂ ಸಾಕಾಗಿಹೋಯಿತು. ಫಿನ್‌ಲ್ಯಾಂಡಿನವರದು ಬೇರೆಯೇ ದಾರಿ. ಅವರಿಗೆ ಬ್ಯಾಂಡೋನಿಯನ್ ಬೇಡ, ಅಕಾರ್ಡಿಯನ್ ಸಾಕು. ಹಾಡು ಮಾತ್ರ ಮೈನರ್ ಸ್ಕೇಲಿನಲ್ಲಿ ಅಳುತ್ತಿರಬೇಕು. ಸೈನಾಯೋಕಿ ಎಂಬ ಊರಿನಲ್ಲಿ 1985ರಿಂದ ಟ್ಯಾಂಗೋ ಜಾತ್ರೆ ನಡೆಸಿ ಹಾಡುಗಾರರಿಗೆ ರಾಜ ರಾಣಿ ಪಟ್ಟ ಕಟ್ಟುತ್ತಾರೆ. ಅಳುವುದಕ್ಕೂ ಕಿರೀಟ!

ಅಳು ಎಂದಾಗ 2002ರ ಫೆಬ್ರುವರಿ ನೆನಪಾಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ಚರ್ಚಿನಲ್ಲಿ ಡಚ್ ಯುವರಾಜ ವಿಲ್ಲೆಮ್ ಅಲೆಕ್ಸಾಂಡರನ ಮದುವೆ. ವಧು ಮ್ಯಾಕ್ಸಿಮಾ ಅರ್ಜೆಂಟೀನಾದವಳು. ಅವಳಪ್ಪ ಹಿಂದೆ ಅಲ್ಲಿನ ಮಿಲಿಟರಿ ಸರ್ಕಾರದಲ್ಲಿ ಮಂತ್ರಿಯಾಗಿದ್ದವನು. ಅದೇ ಕಾರಣಕ್ಕೆ ಮಗಳ ಮದುವೆಗೆ ಬರುವ ಹಾಗಿರಲಿಲ್ಲ. ಆಗ ಕರೇಲ್ ಕ್ರಾಯೆನ್‌ಹೋಫ್ ಎಂಬ ಡಚ್ ವಾದಕ ಬ್ಯಾಂಡೋನಿಯನ್ ಎತ್ತಿಕೊಂಡು ಪಿಯಾಜೊಲ್ಲಾನ 'ಅದಿಯೋಸ್ ನೊನಿನೊ' ನುಡಿಸಿದ. 1959ರಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದಾಗ ದೂರದೇಶದಲ್ಲಿದ್ದ ಮಗ ಕಟ್ಟಿದ ಸಂಗೀತ ಅದು. ಮ್ಯಾಕ್ಸಿಮಾಳ ಕಣ್ಣೀರು ಕೆನ್ನೆಗಿಳಿದದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದರು. ಅವಳಪ್ಪನ ಮೇಲೆ ಯಾರಿಗೆ ಏನೇ ಅನ್ನಿಸಲಿ, ಅವಳ ಅಳುವಿಗೆ ತಕರಾರು ಹೇಳಿದವರು ಕಡಿಮೆ. ಕ್ರಾಯೆನ್‌ಹೋಫನ ರೆಕಾರ್ಡು ನೆದರ್ಲೆಂಡ್ಸ್‌ನಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ಅಲ್ಲಿಯವರೆಗೆ ಬ್ಯಾಂಡೋನಿಯನ್ ಅಂದರೇನು ಎಂದು ಕೇಳದವರೂ ಕೊಂಡರು.

ಇಷ್ಟಾದರೂ ಮಿಲೋಂಗಾದ ಡಿಜೆಗಳು ಹೊಸಬರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಮೂರೋ ನಾಲ್ಕೋ ಹಾಡುಗಳ ಕಂತಿಗೆ ತಾಂಡಾ ಎನ್ನುತ್ತಾರೆ. ಇಡೀ ರಾತ್ರಿಯಲ್ಲಿ ಒಂದು ತಾಂಡಾ ಹೊಸಬರಿಗೆ ಸಿಕ್ಕರೆ ಪುಣ್ಯ. ಅಪ್ಪ ನೆಟ್ಟ ಆಲದ ಮರ ಎಂದು ಬೈಯಬಹುದು. ಆದರೆ ಅವರ ಮಾತಿನಲ್ಲೂ ಹುರುಳಿದೆ. ಆ ಕಾಲದವರು ವಾರಪೂರ್ತಿ ಕುಣಿಯುವವರ ಎದುರು ನುಡಿಸಿ, ಅದೇ ಬಿಸಿಯಲ್ಲಿ ಸ್ಟುಡಿಯೋಗೆ ಹೋಗುತ್ತಿದ್ದರು. ತಟ್ಟೆಯ ಒಂದು ಬದಿಗೆ ಹಿಡಿಸುವುದೇ ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸಬೇಕು. ಈಗ ಸಮಯಕ್ಕೆ ಲೆಕ್ಕವಿಲ್ಲ. ಹೊಸ ತಂಡಗಳು ಸುಮ್ನೆ ಎಳೆಯುತ್ತವೆ, ನಡುವೆ ನಿಲ್ಲಿಸಿ ಜಾಣ್ಮೆ ತೋರಿಸುತ್ತವೆ. ಕಿವಿಗೆ ಹಬ್ಬ, ಕಾಲಿಗೆ ಗೊಂದಲ. ಇನ್ನು ಕೆಲವರು ಡಿ ಸಾರ್ಲಿಯನ್ನು ಸ್ವರ ಬಿಡದೆ ನಕಲು ಮಾಡುತ್ತಾರೆ. ಹಾಗಾದರೆ ಡಿ ಸಾರ್ಲಿಯನ್ನೇ ಹಾಕಿದರಾಯಿತಲ್ಲ?

ಎರಡರ ನಡುವೆ ನಡೆಯುವವರೂ ಇದ್ದಾರೆ. ಬ್ಯೂನಸ್ ಐರಿಸ್‌ನ ರೊಮಾಂಟಿಕಾ ಮಿಲೋಂಗೇರಾ ತಂಡ ಕುಣಿಯುವವರ ಕಾಲು ನೋಡಿಕೊಂಡೇ ನುಡಿಸುತ್ತದೆ. ಇಂಥ ತಂಡ ವೇದಿಕೆ ಹತ್ತಿದರೆ ಹಳಬರ ಕಟ್ಟಾ ಭಕ್ತರೂ ಕುರ್ಚಿಯಲ್ಲಿ ಕೂರುವುದಿಲ್ಲ. ಬೆವರಿಳಿಸಿ ಕುಣಿದು, ಚಪ್ಪಾಳೆ ಹೊಡೆದು, ಹೋಗುವಾಗ ಅವರದೇ ಸೀಡಿ ಕೊಂಡು ಸಹಿ ಹಾಕಿಸಿಕೊಳ್ಳುತ್ತಾರೆ. ಮರುವಾರ ಡಿಜೆ ಅದನ್ನು ಹಾಕಿದರೆ ಮಾತ್ರ ಮೂಗು ಮುರಿಯುತ್ತಾರೆ, ತ್ರೊಯ್ಲೊ ಇಲ್ವಾ ಎಂದು ಕೇಳುತ್ತಾರೆ.