ಹನ್ನೆರಡು ಪುಟದ ಹೊಡೆದಾಟ, ಅದೂ ಮೇ ತಿಂಗಳಲ್ಲಿ

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಕಲಬುರಗಿ. ಹೊರಗೆ 43 ಡಿಗ್ರಿ. ಕರೆಂಟ್ ಹೋಗಿ ಅರ್ಧ ಗಂಟೆ ಆಗಿದೆ. ನನ್ನ ಮುಂದೆ ಕಥೆಗಳ ದೊಡ್ಡದೊಂದು ಕಟ್ಟು. ಪರಿಚಯದವರೊಬ್ಬರು ಕಥಾಸ್ಪರ್ಧೆ ಇಟ್ಟಿದ್ದಾರೆ. "ನೀವ್ ಸುಮ್ನೆ ಓದಿ ನಂಬರ್ ಹಾಕ್ರಿ ಸರ, ಸಾಕು" ಅಂತ ನನ್ನನ್ನ ತೀರ್ಪುಗಾರ ಮಾಡಿದ್ದಾರೆ. ಸಂಭಾವನೆ ಒಂದು ಹಾರ, ಒಂದು ಶಾಲು. ಈ ಊರಲ್ಲಿ ಮೇ ತಿಂಗಳಲ್ಲಿ ಶಾಲು ಹೊದಿಸೋದೂ ಒಂದು ಥರ ಹಲ್ಲೆಯೇ. ಆದರೆ ಅದರ ಬಗ್ಗೆ ಯಾರೂ ಕಥೆ ಬರೆದಿರಲಿಲ್ಲ.

ಬೇರೆ ಎಲ್ಲ ಹಲ್ಲೆಗಳ ಬಗ್ಗೆಯೂ ಬರೆದಿದ್ದರು. ಕಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಥೆಗಳಲ್ಲಿ ಹೊಡೆದಾಟ.

ಮೊದಲನೆಯದು ನಮ್ಮೂರ ಕೋಟೆಯಲ್ಲಿ ನಡೆಯುತ್ತೆ. 29 ಅಡಿ ಉದ್ದದ ಆ ಫಿರಂಗಿ ಇದೆಯಲ್ಲ, ಅದರ ಪಕ್ಕ ನಾಯಕ ನಿಂತಿದ್ದಾನೆ. ಎದುರಿಗೆ ಹದಿನೈದು ರೌಡಿಗಳು. ಒಬ್ಬೊಬ್ಬರೇ ಬರ್ತಾರೆ, ಒಬ್ಬೊಬ್ಬರೇ ಬೀಳ್ತಾರೆ. ಒಬ್ಬ ಏಟು ತಿನ್ನುವಾಗ ಉಳಿದ ಹದಿನಾಲ್ಕು ಜನ ಏನು ಮಾಡ್ತಿದ್ದರು ಅಂತ ಕಥೆಗಾರ ಹೇಳೋದಿಲ್ಲ. ಪಾಳಿ ಹಚ್ಚಿ ನಿಂತಿರಬೇಕು. ಸ್ಟೇಷನ್‌ನಲ್ಲಿ ಟಿಕೆಟ್ ತಗೊಳ್ಳೋಕೆ ಪಾಳಿ ಹಚ್ಚದ ನಮ್ಮ ಮಂದಿ, ಹೊಡೆತ ತಿನ್ನೋಕೆ ಮಾತ್ರ ಶಿಸ್ತಾಗಿ ನಿಲ್ಲುತ್ತಾರೆ ನೋಡಿ.

ಎರಡನೆಯದೇ ಹನ್ನೆರಡು ಪುಟದ್ದು. ಶಹಾಬಾದ್ ಕಲ್ಲಿನ ಗಣಿ, ನಡು ಮಧ್ಯಾಹ್ನ, ಬರಿಗಾಲು. ನಾಯಕ ಆಗಷ್ಟೇ ಮೂರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಹೊಡೆದು ಬಂದಿದ್ದಾನೆ. ಅದು ಅರ್ಧ ಪುಟ. ಆಮೇಲೆ ಹನ್ನೆರಡು ಪುಟ ಗುದ್ದಾಟ. ನನಗೆ ಒಂದು ಅನುಮಾನ. ವರ್ಷಗಟ್ಟಲೆ ಮೈ ಹದ ಮಾಡಿಕೊಂಡ ಬಾಕ್ಸರ್‌ಗಳಿಗೂ ಒಂದು ರೌಂಡ್ ಅಂದ್ರೆ ಮೂರೇ ನಿಮಿಷ, ನಡುವೆ ಒಂದು ನಿಮಿಷ ಸ್ಟೂಲ್ ಮೇಲೆ ಕೂರಿಸಿ ನೀರು ಕೊಡ್ತಾರೆ. ಇವನಿಗೆ ರೊಟ್ಟಿ ತಿಂದ ಮೇಲೆ ತೂಕಡಿಕೆ ಕೂಡ ಬರಲಿಲ್ವಾ? ನಮ್ಮ ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವನು ಮೊದಲು ಕುಣೀತಾನೆ, ಆಮೇಲೆ ನೆರಳಿಗೆ ಓಡ್ತಾನೆ. ಖಳನಾಯಕನೂ ಅದೇ ನೆರಳಿಗೆ ಓಡ್ತಾನೆ. ಅಲ್ಲಿಗೆ ಇಬ್ಬರಿಗೂ ರಾಜಿ ಆಗಬೇಕಿತ್ತು.

ಇನ್ನು ಆ ಮುಷ್ಟಿ. ನಾಯಕ ಬರಿಗೈಯಲ್ಲಿ ಒಂಬತ್ತು ತಲೆಗೆ ಗುದ್ದುತ್ತಾನೆ. ತಲೆಬುರುಡೆ ಗಟ್ಟಿ, ಅಂಗೈ ಎಲುಬು ತೆಳು. ಹೀಗೆ ಗುದ್ದಿದವರಿಗೆ ಕಿರುಬೆರಳಿನ ಬುಡದ ಎಲುಬು ಮುರಿಯೋದು ಎಷ್ಟು ಸಾಮಾನ್ಯ ಅಂದ್ರೆ ಡಾಕ್ಟರ್‌ಗಳು ಅದಕ್ಕೆ 'ಬಾಕ್ಸರ್ಸ್ ಫ್ರ್ಯಾಕ್ಚರ್' ಅಂತ ಹೆಸರೇ ಇಟ್ಟಿದ್ದಾರೆ. ಬಾಕ್ಸರ್‌ಗಳು ಪಟ್ಟಿ ಸುತ್ತಿ ಗ್ಲೋವ್ಸ್ ಹಾಕೋದು ಎದುರಿನವನ ಮೇಲೆ ಕರುಣೆಯಿಂದ ಅಷ್ಟೇ ಅಲ್ಲ. ನಮ್ಮ ನಾಯಕ ಮಾತ್ರ ಅದೇ ಸಂಜೆ ಅದೇ ಕೈಯಲ್ಲಿ ನಾಯಕಿಗೆ ನಾಲ್ಕು ಪುಟ ಪತ್ರ ಬರೀತಾನೆ.

ವಾಚ್‌ಮನ್‌ಗಳ ಪಾಡಂತೂ ಕೇಳಲೇಬೇಡಿ. ಹಿಂದಿನಿಂದ ತಲೆಗೆ ಒಂದು ಏಟು, ಎರಡು ಗಂಟೆ ಗಾಢ ನಿದ್ದೆ, ಆಮೇಲೆ ತಲೆ ಸವರುತ್ತಾ ಎದ್ದು "ನಾನು ಎಲ್ಲಿದ್ದೀನಿ" ಅನ್ನೋದು. ರಿಂಗ್‌ನಲ್ಲಿ ಎಚ್ಚರ ತಪ್ಪಿ ಬಿದ್ದವರು ಹೆಚ್ಚಾಗಿ ಕೆಲವೇ ಸೆಕೆಂಡಿನಲ್ಲಿ ಕಣ್ಣು ಬಿಡ್ತಾರೆ. ತಲೆಗೆ ಏಟು ಬಿದ್ದು ಎರಡು ಗಂಟೆ ಏಳದೇ ಇದ್ದವನಿಗೆ ಬೇಕಾಗಿರೋದು ಮುಂದಿನ ಅಧ್ಯಾಯ ಅಲ್ಲ, ಐಸಿಯು.

ಒಂದು ಐತಿಹಾಸಿಕ ಕಥೆಯೂ ಇತ್ತು. ಬಹಮನಿ ಕಾಲದ್ದು. 1347 ಅಂತ ಮೊದಲ ಸಾಲಿನಲ್ಲೇ ಇಸವಿ ಹಾಕಿದ್ದಾರೆ, ಹಾಕದೇ ಇದ್ದಿದ್ದರೆ ಬಚಾವಾಗ್ತಿದ್ದರು. ನಾಯಕ ಇಪ್ಪತ್ತು ಕೆಜಿ ಖಡ್ಗ ಒಂದೇ ಕೈಯಲ್ಲಿ ಬೀಸುತ್ತಾನೆ. ಒಂದು ಕೈಯಲ್ಲಿ ಬೀಸುವ ಕತ್ತಿ ಸಾಮಾನ್ಯವಾಗಿ ಒಂದು, ಒಂದೂವರೆ ಕೆಜಿ ಇರುತ್ತೆ, ಅಂದ್ರೆ ಅಂಗಡಿಯಿಂದ ತರುವ ತೊಗರಿಬೇಳೆ ಪಾಕೀಟಿಗಿಂತ ಸ್ವಲ್ಪ ಜಾಸ್ತಿ. ಇವನು ಬೀಸಿದ್ದು ಕತ್ತಿಯಲ್ಲ, ಬೇಳೆ ಚೀಲ. ಹೋಗಲಿ ಬಿಡಿ, ವೀರ ಅಂದ್ಕೊಳ್ಳೋಣ. ಆದರೆ ಕೊನೆಗೆ ಶತ್ರುವಿನ ಕಣ್ಣಿಗೆ ಖಾರದ ಪುಡಿ ಎರಚಿ ಗೆಲ್ಲುತ್ತಾನೆ! ಮೆಣಸಿನಕಾಯಿಯನ್ನ ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು. ಅವರ ಹಡಗು ಇಲ್ಲಿ ಮೊದಲು ಮುಟ್ಟಿದ್ದೇ 1498ರಲ್ಲಿ. ಕಣ್ಣಿಗೆ ಬಿದ್ದ ಖಾರ ಉರಿಯಬೇಕಾದರೆ ಶತ್ರು ಇನ್ನೂ ನೂರೈವತ್ತು ವರ್ಷ ಕಣ್ಣು ತೆರೆದುಕೊಂಡು ಕಾಯಬೇಕು.

ಇಷ್ಟೆಲ್ಲ ನಗ್ತೀನಲ್ಲ, ನಂದೂ ಒಂದು ಕಥೆ ಇದೆ.

ಎರಡು ವರ್ಷದ ಹಿಂದೆ ನಾನೂ ಆರು ಪುಟ ಹೊಡೆದಾಟ ಬರೆದೆ. ಬರೆದು ಭಾರೀ ಖುಷಿಯಾಗಿ, ನಮ್ಮ ಕಡೆಯ ಒಂದು ಕುಸ್ತಿ ತಾಲೀಮಿನ ವಸ್ತಾದರ ಹತ್ತಿರ ಹೋದೆ. ಅವರು ಹಾಳೆ ಕೈಗೆ ತಗೊಳ್ಳಲಿಲ್ಲ. "ಓದ್ರಿ ನೀವು, ಹುಡುಗ್ರು ಮಾಡ್ತಾರ" ಅಂದರು. ಕೆಂಪು ಮಣ್ಣಿನ ಕಣದಲ್ಲಿ ಇಬ್ಬರು ಹುಡುಗರು ಲಂಗೋಟಿ ಕಟ್ಟಿಕೊಂಡು ನಿಂತರು. ನಾನು ಓದುತ್ತಾ ಹೋದೆ. ಅವರು ಸಾಲು ಸಾಲು ಮಾಡುತ್ತಾ ಹೋದರು. ಬಲಗೈಯಿಂದ ಕೊರಳಪಟ್ಟಿ ಹಿಡಿದ. ಹಿಡಿದ, ಕೊರಳಪಟ್ಟಿ ಇಲ್ಲದ್ದಕ್ಕೆ ಕೊರಳನ್ನೇ. ಎಡಗೈಯಿಂದ ಮಣಿಕಟ್ಟು ತಿರುಚಿದ. ತಿರುಚಿದ. ಇನ್ನೊಂದು ಕೈಯಿಂದ ಹೊಟ್ಟೆಗೆ ಗುದ್ದಿದ.

ಹುಡುಗ ಅಲ್ಲೇ ನಿಂತ. ತನ್ನ ಎರಡೂ ಕೈ ನೋಡಿಕೊಂಡ. ನನ್ನ ಕಡೆ ನೋಡಿದ.

"ಸರ, ಇನ್ನೊಂದ್ ಕೈ ಎಲ್ಲಿಂದ ತರ್ಲಿ?"

ವಸ್ತಾದರು ನಗಲಿಲ್ಲ. ಅದೇ ಜಾಸ್ತಿ ನೋವಾಯಿತು. "ಅದನ್ನ ಇಡ್ರಿ, ಇವರನ್ನ ನೋಡ್ರಿ" ಅಂದು ಇಬ್ಬರಿಗೂ ಜೋಡಿ ಹಚ್ಚಿದರು. ಶುರುವಾಯಿತು. ಏನೂ ಆಗಲಿಲ್ಲ. ಒಬ್ಬರ ತಲೆ ಇನ್ನೊಬ್ಬರ ಹೆಗಲಿಗೆ ಒತ್ತಿಕೊಂಡು, ಎರಡು ಎತ್ತು ಒಂದೇ ನೊಗಕ್ಕೆ ಎದುರು ಬದುರಾದ ಹಾಗೆ, ಕಾಲಿನ ಹೆಬ್ಬೆರಳು ಮಣ್ಣಿಗೆ ಊರಿ, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಾ, ಬರೀ ಉಸಿರಿನ ಸದ್ದು ಮಾಡುತ್ತಾ ನಿಂತರು. ನಾನು ವಾಚ್ ನೋಡ್ಕೊಂಡೆ. ತಲೆ ಎತ್ತುವಷ್ಟರಲ್ಲಿ ಒಬ್ಬನ ಎರಡೂ ಭುಜ ಮಣ್ಣಿನಲ್ಲಿದ್ದವು.

"ಏನಾಯ್ತ್ರಿ?" ಅಂದೆ.

"ಆಂವ ಉಸಿರು ಬಿಟ್ಟ. ಈಂವ ಅದನ್ನೇ ಕಾಯಲತ್ತಿದ್ದ."

ನನ್ನ ಆರು ಪುಟದಲ್ಲಿ ಒಬ್ಬನೂ ಉಸಿರಾಡಿರಲಿಲ್ಲ.

ಬೀದಿ ಜಗಳವಾದರೂ ಸಿನಿಮಾ ಥರ ಇರುತ್ತಾ ಅಂದ್ರೆ ಅದೂ ಇಲ್ಲ. ಮೊನ್ನೆ ಸೂಪರ್ ಮಾರ್ಕೆಟ್ ಹತ್ತಿರ ಹತ್ತು ರೂಪಾಯಿ ಚಿಲ್ಲರೆಗೆ ಆಟೋದವನಿಗೂ ಒಬ್ಬ ಪ್ರಯಾಣಿಕನಿಗೂ ಹತ್ತಿಕೊಂಡಿತು. "ಹೊಡಿ ನೋಡಮ", "ನೀ ಹೊಡಿ ಮೊದಲ", "ಕೈ ಹಚ್ಚು ನೋಡಮ" ಅಂತ ಹತ್ತು ನಿಮಿಷ ಬರೀ ಮುಹೂರ್ತವೇ ನಡೆಯಿತು, ಅಷ್ಟರಲ್ಲಿ ಮಂದಿ ಸೇರಿ, ಮೊಬೈಲ್ ಮೇಲೆ ಎದ್ದು, ಒಬ್ಬ ಪುಣ್ಯಾತ್ಮ ವಿಡಿಯೋ ಚೆನ್ನಾಗಿ ಬರಲಿ ಅಂತ "ಸ್ವಲ್ಪ ಈ ಕಡಿ ಬರ್ರಿ" ಅಂತಲೂ ಕೂಗಿದ. ಕೊನೆಗೆ ಹೊಡೆದಾಟ ಆಯಿತು. ಹತ್ತು ಸೆಕೆಂಡ್ ಇರಬಹುದು. ಒಂದು ಏಟು ಗಾಳಿಗೆ, ಒಂದು ಬಿಡಿಸೋಕೆ ಬಂದವನಿಗೆ. ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡ್ಕೊಂಡು ಏದುಸಿರು ಬಿಡುತ್ತಾ ನಿಂತರು, ಬಿಟ್ಟರೆ ಬೀಳ್ತೀವಿ ಅನ್ನೋ ಹಾಗೆ. ಯಾರು ಮೊದಲು ಹೊಡೆದರು ಅಂತ ಚಹಾದ ಅಂಗಡಿಯಲ್ಲಿ ಅರ್ಧ ಗಂಟೆ ಚರ್ಚೆ ಆಯಿತು. ನಾಲ್ಕು ಜನ ನಾಲ್ಕು ಥರ ಹೇಳಿದರು, ಎಲ್ಲರ ಹತ್ತಿರವೂ ವಿಡಿಯೋ ಇತ್ತು. ಆಟೋದವನು ಬರಿಗಾಲಲ್ಲಿ ಕುಣಿಯುತ್ತಾ ತನ್ನ ಎಡಗಾಲಿನ ಚಪ್ಪಲಿ ಹುಡುಕುತ್ತಿದ್ದ.

ನಾನು ಒಬ್ಬ ಹುಡುಗಿ ಬರೆದ ಕಥೆಗೆ ಜಾಸ್ತಿ ನಂಬರ್ ಹಾಕಿದೆ. ಅದರಲ್ಲಿ ಹೊಡೆದಾಟ ಎರಡೇ ಸಾಲು. ಮೊದಲನೇ ಸಾಲಿನಲ್ಲಿ ಅಣ್ಣ ತಮ್ಮನ ಕಪಾಳಕ್ಕೆ ಹೊಡೀತಾನೆ. ಎರಡನೆಯದರಲ್ಲಿ ಅವ್ವ ರೊಟ್ಟಿ ಬಡಿಯೋದು ನಿಲ್ಲಿಸ್ತಾಳೆ.

ವಾರದ ಮೇಲೆ ಪರಿಚಯದವರ ಫೋನ್ ಬಂತು.

"ಸರ, ಫಸ್ಟ್ ಪ್ರೈಜ್ ಆ ಹನ್ನೆರಡು ಪುಟದ್ದಕ್ಕ ಕೊಟ್ಟೀವ್ರಿ. ಕಮಿಟಿಯವರೆಲ್ಲ ಕಣ್ಣಿಗೆ ಕಟ್ಟಿದಂಗ ಅದ ಅಂದ್ರು. ಆ ಎರಡ್ ಸಾಲಿಂದು, ಫೈಟೇ ಇಲ್ಲಲ್ರಿ ಅದರಾಗ."

"ಆಯ್ತು ಬಿಡ್ರಿ" ಅಂದೆ.

"ಐತವಾರ ಮಧ್ಯಾಹ್ನ ಫಂಕ್ಷನ್ ಅದ, ತಪ್ಪದೇ ಬರ್ರಿ. ನಿಮಗ ಛಲೋ ಶಾಲು ತಂದೀವಿ."

"ಬಿಸಿಲು ಭಾಳ ಅದಲ್ರಿ..."

"ಚಿಂತಿ ಮಾಡಬ್ಯಾಡ್ರಿ ಸರ, ಹಗುರಂದಲ್ಲ. ಉಣ್ಣಿದು."