ಚಟ್ನಿಪುಡಿಯ ಜೊತೆ ಬರುವ ಮಾತ್ರೆಗಳು

"ಏನು ಕೊಟ್ಟಿದ್ದೀರಿ?" ಎಂದು ವೈದ್ಯೆ ಕೇಳಿದಾಗ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಶಿವಮೊಗ್ಗದ ಮೆಡಿಕಲ್ ಶಾಪಿನಿಂದ ಬಂದ, ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಸಿರಪ್. ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಪುಡಿ ಕಲಕಿದ್ದೆ, ಫ್ರಿಜ್ಜಿನಲ್ಲಿಟ್ಟಿದ್ದೆ, ಒಂದು ಹೊತ್ತೂ ತಪ್ಪಿಸಿರಲಿಲ್ಲ. ಕಿವಿನೋವು, ಜ್ವರ ಎಂದು ಶುರು ಮಾಡಿದ ಔಷಧ. ಮೂರನೆಯ ದಿನ ನಾಲ್ಕು ವರ್ಷದ ಮಗಳ ಮೈತುಂಬ ಕೆಂಪು ದದ್ದು ಎದ್ದಿತ್ತು.

"ಇದು ವೈರಸ್ಸಿನಿಂದ ಬಂದಿರಬಹುದು, ಈ ಔಷಧದಿಂದಲೂ ಬಂದಿರಬಹುದು. ಈಗ ಯಾವುದೆಂದು ಹೇಳಲು ನನಗೆ ಆಗುವುದಿಲ್ಲ" ಎಂದರು. ಬೈಯಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದುಕೊಂಡರು: ಪೆನಿಸಿಲಿನ್ ಅಲರ್ಜಿ ಇರಬಹುದು.

ಆ ಸಾಲು ನನ್ನನ್ನು ಇಂದಿಗೂ ಚುಚ್ಚುತ್ತದೆ. ನಾಳೆ ಮಗಳಿಗೆ ನಿಜವಾದ ಸೋಂಕು ತಗುಲಿದರೆ, ಮೊದಲು ಕೊಡಬೇಕಾದ ಔಷಧವನ್ನು ಬದಿಗಿಟ್ಟು ಬೇರೊಂದನ್ನು ಹುಡುಕುತ್ತಾರೆ. ಹೀಗೆ ಅಲರ್ಜಿ ಎಂದು ಬರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಪರೀಕ್ಷಿಸಿ ನೋಡಿದರೆ ಅಲರ್ಜಿ ಇರುವುದೇ ಇಲ್ಲವಂತೆ. ಆದರೆ ಪರೀಕ್ಷೆಯಾಗುವ ತನಕ ಆ ಸಾಲನ್ನು ಯಾರೂ ಅಳಿಸುವುದಿಲ್ಲ.

ನಾವಿರುವುದು ನೆದರ್ಲೆಂಡ್ಸ್‌ನ ಐಂಡ್ಹೋವನ್‌ನಲ್ಲಿ. ಊರಿಗೆ ಹೋಗಿ ಬಂದಾಗಲೆಲ್ಲ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಸಂಡಿಗೆ, ಅಪ್ಪೆಮಿಡಿಯ ಜೊತೆಗೆ ಒಂದು ಸ್ಟೀಲ್ ಡಬ್ಬಿ ಬರುತ್ತದೆ. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಮಾತ್ರೆಯ ಕಟ್ಟುಗಳು, ಪ್ರತಿಯೊಂದಕ್ಕೂ ಅಮ್ಮನ ಕೈಬರಹದ ಚೀಟಿ. 'ಗಂಟಲಿಗೆ.' 'ಕೆಮ್ಮು ಕಫಕ್ಕೆ.' 'ಹೊಟ್ಟೆ ಕೆಟ್ಟರೆ, ಊಟ ಆದ ಮೇಲೆ.' ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸಿಮ್, ಮೆಟ್ರೊನಿಡಜೋಲ್, ಎಲ್ಲವೂ ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಆ್ಯಂಟಿಬಯಾಟಿಕ್‌ಗಳು. ಕೆಲವು ಕತ್ತರಿಸಿದ ಸ್ಟ್ರಿಪ್‌ಗಳು. ಅವಧಿ ಮುಗಿಯುವ ತಾರೀಖು ಅಂಗಡಿಯಲ್ಲೇ ಉಳಿದ ತುಂಡಿನ ಮೇಲಿರುತ್ತದೆ. ಇಲ್ಲಿ ನನಗೆ ಗೊತ್ತಿರುವ ಕನ್ನಡದ ಮನೆಗಳಲ್ಲಿ ಇಂಥ ಡಬ್ಬಿ ಇಲ್ಲದ ಮನೆ ಕಡಿಮೆ.

2025ರ ಕೊನೆಯಲ್ಲಿ ಇಲ್ಲಿನ ಸರ್ಕಾರ ಮನೆಮನೆಗೂ ಒಂದು ಕಿರುಹೊತ್ತಿಗೆ ಕಳಿಸತೊಡಗಿತು. ಯುದ್ಧ, ಪ್ರವಾಹ, ಸೈಬರ್ ದಾಳಿ ಏನೇ ಆಗಲಿ, ಮೊದಲ 72 ಗಂಟೆ ನಿಮ್ಮನ್ನು ನೀವೇ ನೋಡಿಕೊಳ್ಳುವಂತೆ ಸಿದ್ಧರಾಗಿರಿ ಎಂದು. ನೀರು, ಡಬ್ಬಿಯ ಆಹಾರ, ಟಾರ್ಚು, ಬ್ಯಾಟರಿ ರೇಡಿಯೋ, ನಗದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಆ್ಯಂಟಿಬಯಾಟಿಕ್ ಎಂಬ ಮಾತು ಅದರಲ್ಲಿಲ್ಲ. ನಮ್ಮವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಕೊರತೆಯನ್ನು ತುಂಬುವ ಮಾತು ತಕ್ಷಣ ಎದ್ದಿತು: ಮುಂದೆ ಬೆಂಗಳೂರಿಗೆ ಹೋಗುವವರು ಎಲ್ಲರಿಗೂ ಒಂದೊಂದು ಸೆಟ್ ತರಲಿ. ಓದುತ್ತಿದ್ದಂತೆ ನನಗೆ ಸಿಟ್ಟು ಬಂತು. ಇದೇ ದೇಶದ ಡೆಲ್ಫ್ಟ್‌ನಲ್ಲಿ, ಜರ್ಮನರು ದೇಶವನ್ನು ಆಕ್ರಮಿಸಿದ್ದಾಗ, ಯೀಸ್ಟ್ ಕಾರ್ಖಾನೆಯೊಂದರವರು ಅವರ ಕಣ್ಣು ತಪ್ಪಿಸಿ ಪೆನಿಸಿಲಿನ್ ತಯಾರಿಸಿದ್ದರು. ಗುರುತು ಸಿಗದಿರಲೆಂದು ಅದಕ್ಕೆ 'ಬ್ಯಾಸಿನಾಲ್' ಎಂದು ಹೆಸರಿಟ್ಟಿದ್ದರು. ಅಷ್ಟು ಕಷ್ಟದಲ್ಲಿ ಹುಟ್ಟಿದ್ದನ್ನು ನಾವು ನೆಗಡಿಗೆ ಖರ್ಚು ಮಾಡುತ್ತೇವೆ.

ಇಲ್ಲಿಗೂ ಅಲ್ಲಿಗೂ ಇರುವ ಅಂತರ 'ಕಾಯುವುದು' ಎಂಬ ಒಂದು ಮಾತಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಇಲ್ಲಿ 'ಹೌಸಾರ್ಟ್ಸ್' ಎಂದು ಕರೆಯುವ ಮನೆವೈದ್ಯರು ಕಿವಿನೋವಿನ ಮಗುವಿಗೆ ಪ್ಯಾರಸಿಟಮಾಲ್ ಹೇಳಿ, ಎರಡು ಮೂರು ದಿನ ನೋಡಿ, ಇಂಥಿಂಥದ್ದು ಕಂಡರೆ ಕೂಡಲೇ ಫೋನ್ ಮಾಡಿ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಕಾಯುವುದೇ ಒಂದು ಚಿಕಿತ್ಸೆ. ಕಫದ ಕೆಮ್ಮು ಜೋರಾಗಿದ್ದರೆ ಬೆರಳಿನಿಂದ ಒಂದು ಹನಿ ರಕ್ತ ತೆಗೆದು, ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ನೋಡುತ್ತಾರೆ. 20ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಆ್ಯಂಟಿಬಯಾಟಿಕ್ ಇಲ್ಲ, 100 ದಾಟಿದರೆ ಕೊಡುತ್ತಾರೆ, ನಡುವೆ ಇದ್ದರೆ ರೋಗಿಯನ್ನು ನೋಡಿ ತೀರ್ಮಾನ. ನಮ್ಮಲ್ಲಿ ಕಾಯುವುದೆಂದರೆ ಮಗುವನ್ನು ಕಡೆಗಣಿಸಿದಂತೆ. ಜ್ವರ ಬಂದ ಮಗುವನ್ನು ಇಟ್ಟುಕೊಂಡು ಸುಮ್ಮನೆ ಕೂತ ತಾಯಿಯ ಬಗ್ಗೆ ನೆಂಟರು ಏನೆನ್ನುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ಮೆಡಿಕಲ್ ಶಾಪಿನವರು "ಮೂರು ದಿನಕ್ಕೆ ಕೊಟ್ಟಿದ್ದೇನೆ, ಕಡಿಮೆಯಾದರೆ ನಿಲ್ಲಿಸಿಬಿಡಿ" ಎಂದು ಕಾಗದದ ಕವರಿನಲ್ಲಿ ಬಣ್ಣಬಣ್ಣದ ಮಾತ್ರೆ ಹಾಕಿಕೊಟ್ಟಾಗ ಮನೆಯವರಿಗೆಲ್ಲ ಸಮಾಧಾನ. ಹೇಗೂ ಮೂರು ದಿನಕ್ಕೆ ಇಳಿಯುತ್ತಿದ್ದ ಜ್ವರದ ಕೀರ್ತಿ ಮಾತ್ರೆಗೆ ಹೋಗುತ್ತದೆ. ಉಳಿದ ಎರಡು ಮಾತ್ರೆ ಡಬ್ಬಿಗೆ.

ನಿಯಮಗಳು ನಮ್ಮಲ್ಲೂ ಇವೆ. ಈ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಸೆಫಿಕ್ಸಿಮ್‌ನಂಥವುಗಳಿಗೆ 2014ರ ಮಾರ್ಚಿನಿಂದ ಶೆಡ್ಯೂಲ್ ಎಚ್1 ಎಂಬ ಇನ್ನೂ ಬಿಗಿಯಾದ ನಿಯಮ ಜಾರಿಯಲ್ಲಿದೆ. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬರೆದ ಪುಸ್ತಕವನ್ನು ಅಂಗಡಿಯವರು ಮೂರು ವರ್ಷ ಇಟ್ಟುಕೊಳ್ಳಬೇಕು. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಗೂ ಚೀಟಿಯಿಲ್ಲದೆ ಕೊಳ್ಳಬೇಡಿ ಎಂದೇ ಅರ್ಥ. ಅಮ್ಮನ ಡಬ್ಬಿಯಲ್ಲಿ ಆ ಕೆಂಪು ಗೆರೆಯ ಸ್ಟ್ರಿಪ್‌ಗಳು ಏಳೋ ಎಂಟೋ ಇದ್ದವು. ಯಾವುದಕ್ಕೂ ವೈದ್ಯರ ಚೀಟಿ ಇರಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಮೂತ್ರದ ಸೋಂಕಾಗಿ ಆಸ್ಪತ್ರೆಗೆ ಸೇರಿಸಿದಾಗ ನಾನು ಊರಿನಲ್ಲಿದ್ದೆ. ರೋಗಾಣುವನ್ನು ಬೆಳೆಸಿ ಔಷಧಗಳನ್ನು ಪರೀಕ್ಷಿಸಿ ನೋಡಿದ ಕಲ್ಚರ್ ವರದಿ ಬಂತು. ಎಡಗಡೆ ಔಷಧಗಳ ಹೆಸರು, ಬಲಗಡೆ 'ಎಸ್' ಅಥವಾ 'ಆರ್'. ಎಸ್ ಅಂದರೆ ಆ ಔಷಧಕ್ಕೆ ರೋಗಾಣು ಸಾಯುತ್ತದೆ, ಆರ್ ಅಂದರೆ ಜಗ್ಗುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್, ಆರ್. ಸೆಫಿಕ್ಸಿಮ್, ಆರ್. ಅಮಾಕ್ಸಿಸಿಲಿನ್–ಕ್ಲಾವುಲನೇಟ್, ಆರ್. ಬೆರಳಿಟ್ಟು ಓದುತ್ತಾ ಹೋದೆ. ನಮ್ಮ ಡಬ್ಬಿಯನ್ನೇ ಯಾರೋ ಪಟ್ಟಿ ಮಾಡಿದಂತಿತ್ತು. ಬಾಯಲ್ಲಿ ನುಂಗುವ ಯಾವ ಮಾತ್ರೆಯೂ ಉಳಿದಿರಲಿಲ್ಲ. ಮೆರೊಪೆನಮ್ ಇಂಜೆಕ್ಷನ್‌ಗಾಗಿ ಹತ್ತು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಅಪ್ಪ ಹಿಂದೆ ನುಂಗಿದ ಅರ್ಧಂಬರ್ಧ ಕೋರ್ಸುಗಳಿಂದಲೇ ಹೀಗಾಯಿತೆಂದು ಯಾರೂ ಹೇಳಲಾರರು. ಇಂಥ ರೋಗಾಣು ನೀರಿನಿಂದ, ಆಸ್ಪತ್ರೆಯಿಂದ, ಮತ್ತೊಬ್ಬರಿಂದಲೂ ಬರುತ್ತದೆ. ಆದರೆ ಆಪತ್ಕಾಲಕ್ಕೆಂದು ನಾವು ಕೂಡಿಟ್ಟದ್ದು ಆಪತ್ತು ಬಂದ ದಿನ ಒಂದು ಗುಳಿಗೆಯಷ್ಟೂ ನೆರವಾಗಲಿಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು, ಮುಂದೆ ಇದು ಅಂಗಡಿಯಲ್ಲಿ ಸಿಗುವಂತಾದಾಗ ಜನ ತಿಳಿಯದೆ ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡು ರೋಗಾಣುಗಳನ್ನು ಗಟ್ಟಿ ಮಾಡಿಯಾರು ಎಂದು 1945ರಲ್ಲಿ ನೊಬೆಲ್ ಪಡೆದಾಗಲೇ ಎಚ್ಚರಿಸಿದ್ದರು.

ಇಷ್ಟು ಬರೆದ ಮೇಲೂ ಕೆಲವು ಮಾತು ಒಪ್ಪಲೇಬೇಕು. ಇಲ್ಲಿಯ ಕಾಯುವಿಕೆ ಎಲ್ಲರಿಗೂ ಒದಗಿ ಬರುವುದಿಲ್ಲ. ನಮ್ಮ ಪರಿಚಯದವರೊಬ್ಬರನ್ನು ಮೂರು ಸಲ ಪ್ಯಾರಸಿಟಮಾಲ್ ಹೇಳಿ ಮನೆಗೆ ಕಳಿಸಿದ್ದರು, ನಾಲ್ಕನೆಯ ಸಲ ನ್ಯುಮೋನಿಯಾ ಎಂದು ಗೊತ್ತಾಯಿತು. ಭಾಷೆ ಬಾರದವರ ನೋವು ಫೋನಿನಲ್ಲಿ ಅರ್ಧ ಮಾತ್ರ ಕೇಳಿಸುತ್ತದೆ. 2022–23ರ ಚಳಿಗಾಲದಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಅಮಾಕ್ಸಿಸಿಲಿನ್‌ಗೇ ಕೊರತೆಯಾಗಿತ್ತು. ಆಗ ಡಬ್ಬಿ ಇದ್ದವರು ನಿಶ್ಚಿಂತೆಯಿಂದ ಮಲಗಿದರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇನ್ನು ಅಮ್ಮ ಡಬ್ಬಿ ತುಂಬುವುದನ್ನು ಕಲಿತದ್ದು ಸಾಗರ ಪಟ್ಟಣದ ಆಚೆಯ ಹಳ್ಳಿಯಲ್ಲಿ. ಮಳೆಗಾಲದ ರಾತ್ರಿ ಹೊಳೆ ಬಂದರೆ ಬೆಳಗಿನವರೆಗೆ ಯಾವ ವೈದ್ಯರೂ ಸಿಗದ ಜಾಗ ಅದು. ಗದ್ದೆಯ ನೀರಿನಲ್ಲಿ ನಿಂತವರಿಗೆ ಬರುವ ಇಲಿಜ್ವರಕ್ಕೆ ಬೇಗ ಸಿಕ್ಕ ಡಾಕ್ಸಿಸೈಕ್ಲಿನ್ ಜೀವ ಉಳಿಸುತ್ತದೆ. 2018ರ ಪ್ರವಾಹದಲ್ಲಿ ಕೇರಳದ ಆರೋಗ್ಯ ಇಲಾಖೆ ನೀರಿಗಿಳಿದವರಿಗೆ ಮುನ್ನೆಚ್ಚರಿಕೆಯಾಗಿ ಅದನ್ನೇ ಹಂಚಿತ್ತು. ಆ ದಾಸ್ತಾನು ತಿಳಿದವರ ಕೈಯಲ್ಲಿತ್ತು. ಹೊಳೆಯಾಚೆಯ ಉಪಕೇಂದ್ರದಲ್ಲಿ ಅದು ಯಾವಾಗಲೂ ಇದ್ದಿದ್ದರೆ ಅಮ್ಮನ ಡಬ್ಬಿ ಇಷ್ಟು ತುಂಬುತ್ತಿರಲಿಲ್ಲವೇನೋ.

ಡಬ್ಬಿಯಲ್ಲಿದ್ದದ್ದನ್ನೆಲ್ಲ ಕಳೆದ ತಿಂಗಳು ಇಲ್ಲಿನ ಔಷಧದಂಗಡಿಗೆ ಒಯ್ದು ಹಿಂದಿರುಗಿಸಿದೆ. ಅಮ್ಮನ ಚೀಟಿಗಳನ್ನು ಮಾತ್ರ ಇಟ್ಟುಕೊಂಡೆ. ಈ ಸಲ ತಿಂಡಿ ಮಾತ್ರ ಕಳಿಸಿ ಎಂದು ಅಮ್ಮನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ರಾತ್ರಿ ಹೊತ್ತು ಮಗುವಿಗೆ ಜ್ವರ ಏರಿದರೆ?"

"ರಾತ್ರಿ ವೈದ್ಯರ ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ ಅಮ್ಮ."

"ಫೋನ್ ಎತ್ತುತ್ತಾರೆಯೇ?"

"ಎತ್ತುತ್ತಾರೆ. ಸ್ವಲ್ಪ ಕಾಯಬೇಕು" ಎಂದೆ.